ಅಮ್ಮತ್ತಿ ದಾರಿಯ ಕುಲುಮೆ: ಅಪ್ಪನ ಜೀಪಿನ ಪ್ಲೇಟ್ ಕತ್ತಿಯಾದದ್ದು

ವಿರಾಜಪೇಟೆಯಿಂದ ಅಮ್ಮತ್ತಿ ದಾಟಿ ಸಿದ್ದಾಪುರದ ಕಡೆಗೆ ಸ್ವಲ್ಪ ಹೋದರೆ ರಸ್ತೆ ಬದಿಯಲ್ಲೇ ಒಂದು ತಗಡಿನ ಶೆಡ್ ಸಿಗುತ್ತದೆ. ಬೋರ್ಡ್ ಇಲ್ಲ. ಹಿಡಿ ಮುರಿದ ಗುದ್ದಲಿ, ಮೊಂಡಾದ ಹಾರೆಗಳನ್ನು ಗೋಡೆಗೆ ಒರಗಿಸಿಟ್ಟಿರುತ್ತಾರೆ, ಅದೇ ಗುರುತು. ಒಳಗೆ ಆಚಾರ್ರು ಒಬ್ಬರೇ. ಕಳೆದ ಆಗಸ್ಟಿನಿಂದ ಆರು ಸಲ ಹೋಗಿ ಬಂದಿದ್ದೇನೆ. ಹಳೇ ಕಬ್ಬಿಣದಲ್ಲಿ ಕತ್ತಿ ಮಾಡುವ ಹುಚ್ಚು ಇರುವವರಿಗೆ ಈ ಜಾಗದ ಬಗ್ಗೆ ಹೇಳಲೇಬೇಕು.

ನಮ್ಮದು ಮೂರು ಎಕರೆ ಕಾಫಿ, ಮೆಣಸು. ನಾಲ್ಕು ವರ್ಷದಿಂದ ಕಣದ ಹಿಂದೆ ಸಣ್ಣ ಒಲೆ ಹಾಕಿಕೊಂಡು ಬಿಡುವಿದ್ದಾಗ ಕತ್ತಿ ಬಡಿಯುತ್ತೇನೆ. ಬಡಿಯುವುದು, ಅರದಲ್ಲಿ ಉಜ್ಜುವುದು ಕೈಗೆ ಹತ್ತಿತ್ತು. ಹದ, ಅಂದರೆ ಕಾಯಿಸಿ ತಣಿಸಿ ಉಕ್ಕನ್ನು ಗಡಸು ಮಾಡುವುದು ಮಾತ್ರ ಒಲಿದಿರಲಿಲ್ಲ. ಎರಡು ದಿನ ಕೂತು ಉಜ್ಜಿದ ಒಂದು ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಟಿಣ್ ಅಂತ ಸಣ್ಣ ಸದ್ದು ಬಂತು. ಎತ್ತಿ ನೋಡಿದರೆ ಅಂಚಿನಿಂದ ಬೆನ್ನಿನವರೆಗೆ ಸೀಳು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ಒಂದು ಕತ್ತಿ ತರಿಸಿದ್ದೆ. ಸಾಣೆ ಹಿಡಿಯುವಾಗ ಜಾಸ್ತಿ ಬಿಸಿಯಾಗಿ ಅದರ ಅಂಚು ನೀಲಿಗೆ ತಿರುಗಿತ್ತು. ನೀಲಿ ಬಂತು ಅಂದರೆ 300 ಡಿಗ್ರಿಯ ಹತ್ತಿರ ಹೋಗಿದೆ, ಅಂಚಿನ ಗಡಸು ಇಳಿದಿದೆ ಅಂತ ಅರ್ಥ. ಎರಡು ದಿನ ಕಾಫಿ ಗಿಡದ ಚಿಗುರು ತೆಗೆಯುವಷ್ಟರಲ್ಲಿ ಮೊಂಡಾಯಿತು.

ಆಗಸ್ಟಿನಲ್ಲಿ ನಾನು ತೆಗೆದುಕೊಂಡು ಹೋದದ್ದು ಅಪ್ಪನ ಜೀಪಿನ ಸ್ಪ್ರಿಂಗ್ ಪ್ಲೇಟ್. ಜೀಪು ಗುಜರಿಗೆ ಹೋದಾಗ ಅದೊಂದನ್ನು ಉಳಿಸಿಕೊಂಡಿದ್ದೆ. ಸಿದ್ದಾಪುರ, ವಿರಾಜಪೇಟೆ ಅಂತ ಇಪ್ಪತ್ತೆರಡು ವರ್ಷ ಬಾಡಿಗೆ ಓಡಿಸಿದ ಜೀಪು ಅದು. ತೋಟದ ಆಳುಗಳು, ಗೊಬ್ಬರದ ಮೂಟೆ, ಮದುವೆಯ ಪಾತ್ರೆ, ಎಲ್ಲ ಭಾರ ಹೊತ್ತ ಪ್ಲೇಟ್.

ಆಚಾರ್ರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ತಂತಿಯಲ್ಲಿ ತೂಗು ಹಾಕಿ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದರು. ಆಮೇಲೆ ತಂತಿಬ್ರಷ್‌ನಲ್ಲಿ ತುಕ್ಕು ತೆಗೆದು, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರು. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿದರು. ಪ್ಲೇಟ್ ಬೆಳ್ಳಗಾಯಿತು. ನಾವಿಬ್ಬರೂ ಬಗ್ಗಿ ನೋಡುತ್ತಾ ಕೂತೆವು. ನಡುವಿನ ಬೋಲ್ಟ್ ತೂತಿನ ಪಕ್ಕದಲ್ಲಿ ಮೊದಲು ಒಂದು ಚುಕ್ಕೆ ಒದ್ದೆಯಾಯಿತು. ಆಮೇಲೆ ಅದು ಕೂದಲೆಳೆಯಷ್ಟು ಸಣ್ಣ ಗೆರೆಯಾಗಿ ಒಂದು ಇಂಚು ಉದ್ದ ಹರಿಯಿತು. ಬಿರುಕಿನೊಳಗೆ ಹೊಕ್ಕಿದ್ದ ಎಣ್ಣೆಯನ್ನು ಸುಣ್ಣ ಹೊರಗೆ ಎಳೆದಿತ್ತು.

“ಇಷ್ಟು ಜಾಗ ಆಗಲ್ಲಮ್ಮಾ. ಇದರ ಆಚೆಗೆ ಎಷ್ಟು ಬೇಕೋ ತಗೋ” ಅಂದರು.

ಆ ಗೆರೆಯನ್ನು ನಾನು ಬರಿಗಣ್ಣಲ್ಲಿ ಎಂದೂ ಕಾಣುತ್ತಿರಲಿಲ್ಲ. ಎಷ್ಟೋ ಸಲ ಮುರಿದ ಕತ್ತಿಗೆ ಹದ ತಪ್ಪಿತು ಅಂದುಕೊಂಡಿದ್ದೆ. ಕೆಲವದರಲ್ಲಿ ಬಿರುಕು ಮೊದಲೇ ಇದ್ದಿರಬೇಕು. ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಉಕ್ಕು ಅಲ್ವಾ. ಗುಜರಿ ತರುವವರು ಯಾರೇ ಆಗಲಿ, ಈ ಒಂದು ಪರೀಕ್ಷೆಗಾದರೂ ಅವರ ಬಳಿ ಹೋಗಿ. ಇದಕ್ಕೆ ಅವರು ದುಡ್ಡೂ ಕೇಳುವುದಿಲ್ಲ.

ಬೇಡ ಅನ್ನುವುದನ್ನು ಬೇಡ ಅಂತ ಮುಖಕ್ಕೇ ಹೇಳುತ್ತಾರೆ. ನನ್ನ ಚೀಲದಲ್ಲಿದ್ದ ಕಟ್ಟಡದ ಸರಳಿನ ತುಂಡನ್ನು ಗ್ರೈಂಡರಿಗೆ ತಾಗಿಸಿ ಕಿಡಿ ತೋರಿಸಿದರು. ಉದ್ದುದ್ದ ಗೆರೆ, ತುದಿಯಲ್ಲಿ ಒಡೆದದ್ದು ಕಡಿಮೆ. ಆಮೇಲೆ ಜೀಪಿನ ಪ್ಲೇಟ್ ತಾಗಿಸಿದರು. ಕಿಡಿ ಕವಲೊಡೆದು ನಕ್ಷತ್ರಕಡ್ಡಿಯ ಹಾಗೆ ಚಿಮ್ಮಿತು. ಇಂಗಾಲ ಜಾಸ್ತಿ ಇದ್ದಷ್ಟೂ ಕಿಡಿ ಹಾಗೆ ಒಡೆಯುತ್ತದೆ. ಸ್ಪ್ರಿಂಗ್ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡಾ 0.5ರಿಂದ 0.6 ಇಂಗಾಲ ಇರುತ್ತದೆ. ಸರಳಿನಲ್ಲಿ ಅದರ ಅರ್ಧದಷ್ಟು, ಇಲ್ಲವೇ ಇನ್ನೂ ಕಡಿಮೆ. ಅದನ್ನು ಎಷ್ಟು ಚೆನ್ನಾಗಿ ಬಡಿದರೂ ಕತ್ತಿಯ ಅಂಚು ನಿಲ್ಲುವುದಿಲ್ಲ. ಸತು ಲೇಪ ಇರುವ ಪೈಪನ್ನಂತೂ ಒಲೆಯ ಹತ್ತಿರವೂ ಬಿಡಲಿಲ್ಲ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ ಅಂದರು. ಅದು ನಿಜವೇ.

ಕೂಲಿ ಕೊಟ್ಟು ಕತ್ತಿ ಮಾಡಿಸಿಕೊಂಡು ಬರಬಹುದು. ನನ್ನ ಹಾಗೆ ಕಲಿಯಬೇಕು ಅನ್ನುವವರಿಗೆ ಭಾನುವಾರ ಬೆಳಿಗ್ಗೆ ಅಡಿಗಲ್ಲು ಬಿಟ್ಟುಕೊಡುತ್ತಾರೆ. ಅಡಿಗಲ್ಲು ಅಂದರೆ ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ದಿಮ್ಮಿ, ಇಲ್ಲಿ ಅದು ರೈಲು ಕಂಬಿಯ ತುಂಡು. ಕೊಡಗಿಗೆ ರೈಲು ಬಂದೇ ಇಲ್ಲ, ಅದನ್ನು ಮೈಸೂರಿನ ಗುಜರಿಯಿಂದ ಹೊತ್ತು ತಂದಿದ್ದಾರೆ. ಗಾಳಿ ಊದುವ ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್ ಇದೆ. ಇದ್ದಿಲು ಮಾತ್ರ ಹಿಂದಿನ ಹಾಗೆಯೇ.

ಬಣ್ಣದ ಲೆಕ್ಕವನ್ನು ಅವರು ಹೇಳಿಕೊಟ್ಟ ರೀತಿ ನನಗೆ ತುಂಬಾ ಇಷ್ಟ. “ಹಣ್ಣು ಕಿತ್ತಳೆಯ ಹಾಗೆ ಇರುವಾಗ ಬಡಿ. ಕಾಫಿ ಹಣ್ಣಿನ ಕೆಂಪಿಗೆ ಇಳಿದರೆ ಕೈ ನಿಲ್ಲಿಸು, ಮತ್ತೆ ಒಲೆಗೆ ಹಾಕು.” ನಮ್ಮ ಕಡೆಯವರಿಗೆ ಇದಕ್ಕಿಂತ ಸುಲಭದ ಮಾತು ಬೇಕಾ? ತಣ್ಣಗಾದ ಉಕ್ಕನ್ನು ಬಡಿದರೆ ಬಿರುಕು, ಬಿಳಿ ಕಿಡಿ ಹಾರುವಷ್ಟು ಕಾಯಿಸಿದರೆ ಉಕ್ಕು ಸುಟ್ಟು ಹೋಯಿತು. ಆರಿಂಚಿನ ಅಲಗು ಬಡಿಯಲು ನನಗೆ ಎರಡು ಭಾನುವಾರ ಹಿಡಿಯಿತು. ಬಡಿದು ಮುಗಿದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ, ಗಾಳಿಯಲ್ಲೇ ತಣಿಯಲು ಬಿಟ್ಟರು. ಬಡಿದಾಗ ಒಳಗೆ ಸೇರಿದ ಬಿಗಿ ಹಾಗೆ ಸಡಿಲಾಗುತ್ತದೆ, ಉಕ್ಕಿನ ಕಣವೂ ಸಣ್ಣದಾಗುತ್ತದೆ.

ಹದಕ್ಕೆ ಸಂಜೆ ಆರು ಗಂಟೆಗೆ ಬಾ ಅಂದಿದ್ದರು. ಬಿಸಿಲಿನಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಶೆಡ್ಡಿನ ಲೈಟ್ ಆರಿಸಿದರು. ಒಂದು ಸರಳನ್ನು ಕಾಯಿಸಿ ಎಣ್ಣೆಯ ಡಬ್ಬದಲ್ಲಿ ಅದ್ದಿ, ಎಣ್ಣೆಯನ್ನು ಬೆಚ್ಚಗೆ ಮಾಡಿಕೊಂಡರು. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಅಲಗನ್ನು ಬೇಗ, ಸಮನಾಗಿ ತಣಿಸುತ್ತದೆ. ತಂತಿಗೆ ಕಟ್ಟಿದ ಅಯಸ್ಕಾಂತವನ್ನು ಅಲಗಿನ ಹತ್ತಿರ ತಂದು ತಂದು ನೋಡಿದರು. ಒಂದು ಹಂತದಲ್ಲಿ ಅದು ಅಂಟುವುದು ಬಿಟ್ಟಿತು. ಉಕ್ಕು 770 ಡಿಗ್ರಿ ದಾಟಿದ ಗುರುತು ಅದು. ಇನ್ನೂ ಸ್ವಲ್ಪ ಕಾಯಬೇಕು, ಬಣ್ಣ ಒಂದು ಮೆಟ್ಟಿಲು ಏರಬೇಕು. ಆಮೇಲೆ ಇಕ್ಕಳದಲ್ಲಿ ಹಿಡಿದು ತುದಿ ಮುಂದಾಗಿ ನೆಟ್ಟಗೆ ಇಳಿಸಿದರು. ನಾನು ಉಸಿರು ಹಿಡಿದುಕೊಂಡಿದ್ದೆ. ಟಿಣ್ ಅನ್ನುವ ಸದ್ದು ಬರಲಿಲ್ಲ. ತಣಿದ ಮೇಲೆ ಅರ ಕೈಗೆ ಕೊಟ್ಟರು. ಅಂಚಿನ ಮೇಲೆ ಎಳೆದರೆ ಅರ ಕಚ್ಚಲೇ ಇಲ್ಲ, ಗಾಜಿನ ಮೇಲೆ ಎಳೆದ ಹಾಗೆ ಜಾರಿತು.

ಆ ಗಡಸಿನಲ್ಲೇ ಬಿಟ್ಟರೆ ಕತ್ತಿ ಗಾಜಿನ ಹಾಗೆಯೇ ಒಡೆಯುತ್ತದೆ. ಅದನ್ನು ಸ್ವಲ್ಪ ಇಳಿಸಲು ಅವರು ದಪ್ಪ ಕಬ್ಬಿಣವನ್ನು ಕಾಯಿಸಿ ಅದರ ಮೇಲೆ ಅಲಗಿನ ಬೆನ್ನು ಇಟ್ಟು, ಅಂಚಿಗೆ ಒಣಹುಲ್ಲಿನ ಹಳದಿ ಬರುವವರೆಗೆ ಕಾದು ಇಳಿಸುತ್ತಾರೆ. ನಾನು ಕೇಳಿಕೊಂಡು ಅಲಗನ್ನು ಹಾಗೆಯೇ ಮನೆಗೆ ತಂದು ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ ಇಟ್ಟೆ. ಅವರಿಗೆ ಬೇಜಾರಾಗಲಿಲ್ಲ. ಮುಂದಿನ ವಾರ ತಂದು ತೋರಿಸು ಅಂದರು. ತೋರಿಸಿದಾಗ ಹಿತ್ತಾಳೆಯ ಸರಳಿನ ಮೇಲೆ ಅಂಚನ್ನು ಒತ್ತಿ ನೋಡಿದರು. ಅಂಚು ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಯಿತು. ಬಾಗಿದ್ದು ಹಾಗೇ ಉಳಿದರೆ ಮೆತ್ತಗೆ, ಚಕ್ಕೆ ಎದ್ದರೆ ಗಡಸು ಜಾಸ್ತಿ. ತಲೆಯಾಡಿಸಿ ವಾಪಸ್ ಕೊಟ್ಟರು. ಆ ದಿನದ ಖುಷಿ ನನಗೆ ತುಂಬಾ ದೊಡ್ಡದು.

ಎರಡು ದೂರು ಇವೆ. ಹದಕ್ಕೆ ಬಳಸುವುದು ಗಾಡಿಯ ಹಳೇ ಎಂಜಿನ್ ಆಯಿಲ್. ಹೊಗೆ ಕಪ್ಪಗೆ ಏಳುತ್ತದೆ, ಅದು ಎದೆಗೆ ಒಳ್ಳೆಯದಲ್ಲ. ಅಡುಗೆ ಎಣ್ಣೆಯೇ ಸಾಕಾಗುತ್ತದೆ ಅಂತ ಹೇಳಿ ಐದು ಲೀಟರ್ ಕೊಟ್ಟು ಬಂದಿದ್ದೇನೆ. ಅವರು ಬದಲಾಯಿಸಲಿ ಅಂತ ಮನಸ್ಸಾರೆ ಬಯಸುತ್ತೇನೆ. ಇನ್ನೊಂದು, ಹಿಡಿ. ಹಳೇ ರೊಬಸ್ಟಾ ಗಿಡದ ಬೊಡ್ಡೆಯಲ್ಲಿ ಮಾಡಿಕೊಟ್ಟದ್ದು ನೋಡಲು ತುಂಬಾ ಚೆಂದ. ಆದರೆ ಮರ ಪೂರ್ತಿ ಒಣಗಿರಲಿಲ್ಲ. ಡಿಸೆಂಬರಿನಲ್ಲಿ ಕುಗ್ಗಿ ಅಲುಗಾಡತೊಡಗಿತು. ತೆಗೆದುಕೊಂಡು ಹೋದೆ, ಮರುಮಾತಿಲ್ಲದೆ ಬೇರೆ ಹಿಡಿ ಹಾಕಿ ಹಿತ್ತಾಳೆಯ ರಿವೆಟ್ ಬಡಿದು ಕೊಟ್ಟರು. ಜಿಂಕೆ ಕೊಂಬಿನ ಹಿಡಿ ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ಎಷ್ಟು ಕೊಟ್ಟರೂ ಅವರು ಮಾಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಅವರಿಗೆ ಚೆನ್ನಾಗಿ ಗೊತ್ತು.

ಆಗಸ್ಟ್ ಕೊನೆಯಲ್ಲಿ ಮಾತ್ರ ಕಲಿಯಲು ಹೋಗಬೇಡಿ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದರೆ ಕೊಡವರು ಆಯುಧ ಪೂಜಿಸುವ ಹಬ್ಬ ಹತ್ತಿರ ಬಂದಾಗ, ಮನೆತನದ ಒಡಿಕತ್ತಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಹಿಡಿದುಕೊಂಡು ಜನ ಸಾಲುಗಟ್ಟುತ್ತಾರೆ. ಪೂಜೆಯ ದಿನ ತೋಕ್‌ಪೂ ಅನ್ನುವ ಹೂ ಮುಡಿಯುವ ಆಯುಧ, ತುಕ್ಕು ಹಿಡಿದಿರಬಾರದು ಅಲ್ವಾ. ಆ ವಾರ ಅವರಿಗೆ ಊಟಕ್ಕೂ ಹೊತ್ತಿರುವುದಿಲ್ಲ. ಆದರೆ ಸುಮ್ನೆ ಮೂಲೆಯಲ್ಲಿ ಕೂತು ನೋಡುವುದಾದರೆ ಆ ವಾರವೇ ಒಳ್ಳೆಯದು. ಅಜ್ಜನ ಕಾಲದ ಒಡಿಕತ್ತಿಯ ಅಗಲವಾದ ಅಲಗು, ಅದರ ಬಾಗು, ಎಲ್ಲಿ ತೂಕ ಕೂತಿದೆ ಅನ್ನುವುದನ್ನು ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆ.

ನನ್ನ ಕತ್ತಿಗೆ ಎಲ್ಲ ಸೇರಿ 700 ರೂಪಾಯಿ ತೆಗೆದುಕೊಂಡರು. ಭಾನುವಾರದ ಇದ್ದಿಲಿಗೆ ಬೇರೆ 150. ನಾಲ್ಕು ತಿಂಗಳಿಂದ ಚಿಗುರು ತೆಗೆಯಲು, ಮೆಣಸಿನ ಹಂಬು ಕತ್ತರಿಸಲು, ಅಡುಗೆಮನೆಯಲ್ಲಿ ಮಾಂಸಕ್ಕೆ ಇದೊಂದೇ. ಎರಡು ಸಲ ಮಾತ್ರ ಸಾಣೆ ಹಿಡಿದಿದ್ದೇನೆ. ಇದು ಸ್ಟೇನ್‌ಲೆಸ್ ಅಲ್ಲ, ನಮ್ಮ ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಬರುತ್ತದೆ. ಒರೆಸಿ ಕೊಬ್ಬರಿ ಎಣ್ಣೆ ಸವರಿ ಇಡಬೇಕು. ನಾನು ಇನ್ನೊಂದು ಕೆಲಸ ಮಾಡಿದೆ. ಅಲಗಿಗೆ ಕಾಚಂಪುಳಿ, ಅಂದರೆ ನಮ್ಮ ಕಡೆ ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ, ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದೆ. ಹುಳಿಗೆ ಅಲಗು ಮೋಡದ ಬಣ್ಣಕ್ಕೆ ತಿರುಗಿ, ತುಕ್ಕು ಹಿಡಿಯುವುದು ಸ್ವಲ್ಪ ಕಡಿಮೆಯಾಗಿದೆ. ಆಚಾರ್ರಿಗೆ ತೋರಿಸಿದಾಗ ಮೂಸಿ ನೋಡಿ, “ಪಂದಿಕರಿ ವಾಸನೆ ಬರ್ತದಲ್ಲಮ್ಮಾ” ಅಂದರು. ಮುಂದಿನ ಸಲ ಬರುವಾಗ ಒಂದು ಸಣ್ಣ ಬಾಟಲಿ ತಾ ಅಂತಲೂ ಹೇಳಿದರು.

ಪ್ಲೇಟಿನ ಉಳಿದ ತುಂಡು ಅವರ ಬೂದಿ ಗುಂಡಿಯ ಪಕ್ಕದಲ್ಲೇ ಇದೆ. ಕಾಫಿ ಕೊಯ್ಲು ಮುಗಿದ ಮೇಲೆ ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯಲು, ಒಂದು ದೊಡ್ಡ ಕತ್ತಿ ಬೇಕು. ಅದನ್ನು ಪೂರ್ತಿ ನೀನೇ ಬಡಿ, ಹದವೂ ನಿನ್ನದೇ, ನಾನು ಲೈಟ್ ಆರಿಸಿ ಕೂತಿರುತ್ತೇನೆ ಅಂದಿದ್ದಾರೆ.