ಮರೆಯ ಚಿತ್ರಗಳ ಕಾರ್ಡು ಪೆಟ್ಟಿಗೆ: ಎರಡು ತಿಂಗಳು ತರಗತಿಯಲ್ಲಿ ಬಳಸಿದ ಮೇಲೆ

ಹಾಸನದ ಬಸ್ ನಿಲ್ದಾಣದ ಸಮೀಪದ ಪುಸ್ತಕದ ಅಂಗಡಿಯೊಂದರಲ್ಲಿ, ಶಾಲೆ ಆರಂಭವಾದ ವಾರದಲ್ಲೇ 380 ರೂಪಾಯಿ ಕೊಟ್ಟು ಈ ಪೆಟ್ಟಿಗೆಯನ್ನು ಕೊಂಡೆ. ಇದರಲ್ಲಿ ದಪ್ಪ ರಟ್ಟಿನ 60 ಕಾರ್ಡುಗಳಿವೆ. ಕಾರ್ಡಿನ ಒಂದು ಮಗ್ಗುಲಲ್ಲಿ ಯಾವುದಾದರೊಂದು ವಸ್ತುವಿನ ಹೊರಗೆರೆ ಮಾತ್ರವಿದ್ದು, ಅದರ ಸ್ವಲ್ಪ ಭಾಗವನ್ನು ಬೂದು ಬಣ್ಣದ ತೇಪೆ ಮುಚ್ಚಿರುತ್ತದೆ. ತಿರುವಿ ನೋಡಿದರೆ ಪೂರ್ತಿ ಚಿತ್ರ ಸಿಗುತ್ತದೆ. ನಾನು ಎರಡನೆಯ ತರಗತಿಗೆ ಪಾಠ ಮಾಡುವವಳು. 24 ಮಕ್ಕಳೊಂದಿಗೆ ಎರಡು ತಿಂಗಳು ಬಳಸಿದ ಮೇಲೆ ಹೇಳುವುದಾದರೆ, ಇದು ಕೊಳ್ಳಬಹುದಾದ ಪೆಟ್ಟಿಗೆ. ಆದರೆ ಯಾವ ಗೆರೆಯನ್ನು ಮುಚ್ಚಬೇಕು, ಯಾವುದನ್ನು ಉಳಿಸಬೇಕು ಎಂಬ ವಿಷಯದಲ್ಲಿ ತಯಾರಕರು ಎಲ್ಲ ಕಡೆಯೂ ಒಂದೇ ಎಚ್ಚರ ವಹಿಸಿಲ್ಲ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಆನೆಯ ಕಾರ್ಡಿನಲ್ಲಿ ಪೊದೆಯ ಆಕಾರದ ತೇಪೆಯ ಮೇಲೆ ಬೆನ್ನಿನ ಕಮಾನು, ತಲೆಯ ಉಬ್ಬು ಮತ್ತು ಒಂದು ಕಿವಿಯ ಅಂಚು ಮಾತ್ರ ಕಾಣುತ್ತವೆ. ಸೊಂಡಿಲೂ ಇಲ್ಲ, ಕಾಲೂ ಇಲ್ಲ. ಪೇಟೆಯ ಮಕ್ಕಳು ಗುಡ್ಡ, ಬಂಡೆ ಎಂದು ತಡಕಾಡುತ್ತಿದ್ದಾಗ, ಆಲೂರಿನ ಕಡೆಯ ತೋಟದ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ಕಾರ್ಡು ಕಂಡ ತಕ್ಷಣ, "ಆನೆ ಮಿಸ್, ಕಾಫಿ ಗಿಡದ ಹಿಂದೆ ನಿಂತೈತೆ" ಎಂದಳು. ಆಲೂರು, ಸಕಲೇಶಪುರದ ತೋಟಗಳಲ್ಲಿ ಮುಂಜಾನೆ ಕೆಲಸಕ್ಕೆ ಹೋಗುವವರಿಗೆ ಆನೆ ಹೀಗೆಯೇ, ಗಿಡಗಳ ಮೇಲೆ ಒಂದು ಗೆರೆಯಾಗಿ ಮೊದಲು ಕಾಣುತ್ತದೆ. ಅದನ್ನು ಬಂಡೆಯೆಂದು ತಿಳಿದರೆ ಜೀವಕ್ಕೇ ಅಪಾಯ. ಈ ಕಾರ್ಡನ್ನು ಬರೆದವರು ಆನೆಯನ್ನು ಕಣ್ಣಾರೆ ನೋಡಿ ಬರೆದಿದ್ದಾರೆ ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ.

ಪೆಟ್ಟಿಗೆಯ ಕೊನೆಯ 12 ಕಾರ್ಡುಗಳಲ್ಲಿ ತೇಪೆಯೇ ಇಲ್ಲ. ಅಲ್ಲಿ ಹೊರಗೆರೆಯನ್ನು ಅಲ್ಲಲ್ಲಿ ಅಳಿಸಿ, ಖಾಲಿ ಬಿಳಿ ಜಾಗವನ್ನು ಬಿಡಲಾಗಿದೆ. ಅಳಿಸಿದ ಭಾಗ ಹೆಚ್ಚೇನೂ ಅಲ್ಲದಿದ್ದರೂ ಮಕ್ಕಳಿಗೆ ಇವೇ ಅತಿ ಕಷ್ಟವಾದವು. ಕೊಡೆ, ಬೀಗ, ಸೈಕಲ್ಲಿನಂತಹ ನಿತ್ಯ ನೋಡುವ ವಸ್ತುಗಳನ್ನೂ ಅವರು ಬಿಡಿ ಬಿಡಿ ಗೆರೆಗಳೆಂದೇ ನೋಡಿದರು. ಮಾರನೆಯ ದಿನ ಕಪ್ಪು ಕಾಗದವನ್ನು ಕತ್ತರಿಸಿ, ಅದೇ ಖಾಲಿ ಜಾಗಗಳ ಮೇಲೆ ಇಟ್ಟು ಬೇರೆ ಗುಂಪಿನ ಮಕ್ಕಳಿಗೆ ತೋರಿಸಿದೆ. ಕಾಣುವ ಗೆರೆ ಒಂದಿಷ್ಟೂ ಹೆಚ್ಚಿರಲಿಲ್ಲ, ಆದರೂ ಬೀಗ ಬೀಗವಾಗಿ ಕಂಡಿತು. ಆಲ್ಬರ್ಟ್ ಬ್ರೆಗ್ಮನ್ ಎಂಬ ಮನೋವಿಜ್ಞಾನಿ 1981ರಲ್ಲಿ ಇಂಗ್ಲಿಷಿನ ಬಿ ಅಕ್ಷರದ ತುಣುಕುಗಳನ್ನು ಇಟ್ಟುಕೊಂಡು ತೋರಿಸಿದ್ದೂ ಇದನ್ನೇ: ತುಣುಕುಗಳು ಮಾತ್ರ ಇದ್ದಾಗ ಅಕ್ಷರಗಳು ಹೊಳೆಯುವುದಿಲ್ಲ, ಅವುಗಳ ಮೇಲೆ ಶಾಯಿ ಚೆಲ್ಲಿದಂತಹ ಕಲೆಯನ್ನು ಬರೆದರೆ ತಟ್ಟನೆ ಓದಲು ಬರುತ್ತದೆ. ವಸ್ತುವಿನ ಗೆರೆ ಮರೆಯ ಅಂಚಿಗೆ ಬಂದು ತಾಗಿದ ಕಡೆ, ಅದು ಅಲ್ಲಿಗೆ ಮುಗಿದಿಲ್ಲ, ಹಿಂದೆ ಮುಂದುವರಿದಿದೆ ಎಂದು ಕಣ್ಣು ತಿಳಿಯುತ್ತದೆ. ಮರೆಯೇ ಕಾಣದಿದ್ದರೆ ಗೆರೆ ಅಲ್ಲಿಗೇ ಮುಗಿದಂತೆ. ಆದ್ದರಿಂದ ಈ 12 ಕಾರ್ಡುಗಳನ್ನು ಸುಲಭದ ಆಟವೆಂದು ಚಿಕ್ಕ ಮಕ್ಕಳ ಕೈಗೆ ಕೊಡಬಾರದು. ಕೈಪಿಡಿಯಲ್ಲಿ ಈ ವ್ಯತ್ಯಾಸದ ಬಗ್ಗೆ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ.

ಇನ್ನೊಂದು ತಪ್ಪು ತೇಪೆಯ ಜಾಗಕ್ಕೆ ಸಂಬಂಧಿಸಿದ್ದು. ಬಿಂದಿಗೆಯ ಕಾರ್ಡಿನಲ್ಲಿ ಕಂಠವೂ ಭುಜವೂ ಸೇರುವ ತಿರುವನ್ನೇ ಮುಚ್ಚಿದ್ದಾರೆ. ಉಳಿದಿರುವುದು ಹೊಟ್ಟೆಯ ದುಂಡು ಮಾತ್ರ. ಮಕ್ಕಳು ಚೆಂಡು, ಕುಂಬಳಕಾಯಿ ಎಂದರು, ಅವರ ತಪ್ಪೇನೂ ಇಲ್ಲ. ಹೊರಗೆರೆಯ ಗುರುತು ಅದು ಬಾಗುವ ಮತ್ತು ಮುರಿಯುವ ಕಡೆಗಳಲ್ಲಿರುತ್ತದೆಯೇ ಹೊರತು ನೇರವಾಗಿ ಸಾಗುವ ಕಡೆಯಲ್ಲಲ್ಲ. 1954ರಲ್ಲಿ ಫ್ರೆಡ್ ಆಟ್ನೀವ್ ಎಂಬ ಮನೋವಿಜ್ಞಾನಿ ಮಲಗಿದ ಬೆಕ್ಕೊಂದರ ಚಿತ್ರದಲ್ಲಿ ಗೆರೆ ಹೆಚ್ಚು ಬಾಗುವ 38 ಬಿಂದುಗಳನ್ನಷ್ಟೇ ಆರಿಸಿ, ಅವುಗಳನ್ನು ನೇರ ಗೆರೆಗಳಿಂದ ಜೋಡಿಸಿದರು. ಬೆಕ್ಕು ಬೆಕ್ಕಾಗಿಯೇ ಉಳಿಯಿತು. ಬಿಂದಿಗೆಯ ಹೊಟ್ಟೆಯನ್ನು ಅರ್ಧ ಮುಚ್ಚಿ ಕಂಠವನ್ನು ಬಿಟ್ಟಿದ್ದರೆ ನಮ್ಮ ಮಕ್ಕಳೂ ಕ್ಷಣದಲ್ಲಿ ಹೇಳುತ್ತಿದ್ದರು. ಕತ್ತರಿ ಮತ್ತು ಮೊರದ ಕಾರ್ಡುಗಳಲ್ಲೂ ಇದೇ ದೋಷವಿದೆ.

ಅಕ್ಷರದ ಎಂಟು ಕಾರ್ಡುಗಳ ಬಗ್ಗೆ ನನಗೆ ನಿಜವಾಗಿಯೂ ಬೇಸರವಾಯಿತು. ಧಕಾರದ ಕೆಳಭಾಗವನ್ನು ತೇಪೆಯಿಂದ ಮುಚ್ಚಿ, ಹಿಂಬದಿಯಲ್ಲಿ ಧ ಎಂದು ಉತ್ತರ ಕೊಟ್ಟಿದ್ದಾರೆ. ದ ಮತ್ತು ಧ ಅಕ್ಷರಗಳನ್ನು ಬೇರ್ಪಡಿಸುವ ಸಣ್ಣ ಗೀಟು ಇರುವುದೇ ಅಲ್ಲಿ. ಅದು ಮರೆಯಾದ ಮೇಲೆ ದ ಎಂದ ಮಗುವಿನ ಉತ್ತರವೂ ಅಷ್ಟೇ ಸರಿ. ಪ ಮತ್ತು ಫ ಅಕ್ಷರಗಳಿಗೂ ಇದೇ ಗತಿಯಾಗಿದೆ. ಓದು ಕಲಿಯುತ್ತಿರುವ ಮಗುವಿಗೆ ಸರಿಯಾದ ಉತ್ತರವನ್ನೇ ತಪ್ಪೆಂದು ಹೇಳಿಸುವ ಕಾರ್ಡು ತರಗತಿಯಲ್ಲಿ ಇರಕೂಡದು. ನಾನು ಆ ನಾಲ್ಕನ್ನು ತೆಗೆದು ಬೀರುವಿನಲ್ಲಿಟ್ಟಿದ್ದೇನೆ.

ಹಳೇಬೀಡಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ, ಹೊಯ್ಸಳೇಶ್ವರ ದೇವಾಲಯದ ಗೋಡೆಯ ತಳದ ಆನೆಗಳ ಸಾಲಿನಲ್ಲಿ ಮುಖ ಸವೆದು ಸೊಂಡಿಲು ಮುರಿದವುಗಳನ್ನೂ ಅವರು ಅನುಮಾನವಿಲ್ಲದೆ ಆನೆಯೆಂದೇ ಎಣಿಸಿದರು. ಅಲ್ಲಿ ಮುಚ್ಚುವ ಮರೆ ಯಾವುದೂ ಇಲ್ಲ, ಆದರೆ ಅಕ್ಕಪಕ್ಕದಲ್ಲಿ ಪೂರ್ತಿ ಆನೆಗಳಿವೆ. ಪೆಟ್ಟಿಗೆಯಲ್ಲಿ ಅಂತಹ ಸಾಲುಚಿತ್ರಗಳ ಕಾರ್ಡು ಒಂದೂ ಇಲ್ಲ. ಮುಂದಿನ ಮುದ್ರಣದಲ್ಲಿ ನಾಲ್ಕೈದಾದರೂ ಸೇರಿಸಬೇಕು.

ರಟ್ಟು ಗಟ್ಟಿಯಾಗಿದೆ, ಮೂಲೆಗಳು ಇನ್ನೂ ಸುಲಿದಿಲ್ಲ, ಗೆರೆಯ ದಪ್ಪ ಹಿಂದಿನ ಬೆಂಚಿನವರೆಗೂ ಕಾಣುವಷ್ಟಿದೆ. ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಇದು ಸರಿಹೊಂದುತ್ತದೆ. ಕೊಂಡವರು ತೇಪೆಯಿಲ್ಲದ ಕಾರ್ಡುಗಳನ್ನು ಮೊದಲೇ ಬೇರೆ ಮಾಡಿ, ಅವುಗಳ ಜೊತೆಗೆ ಕಪ್ಪು ಕಾಗದದ ನಾಲ್ಕು ತುಂಡುಗಳನ್ನು ಕತ್ತರಿಸಿ ಇಟ್ಟುಕೊಳ್ಳಲಿ.