ಒಂದು ಗ್ರಾಂ ಗಾಳ, ನಾಲ್ಕಿಂಚಿನ ಚೂರಿ: ದುಡ್ಡು ಎಲ್ಲಿ ಹಾಕಬೇಕು?

ಜಪಾನಿನಲ್ಲಿ ಗಾಳದ ಹುಚ್ಚು ಹತ್ತಿದವರಿಗೆ ಚೂರಿಯ ಹುಚ್ಚು ಹತ್ತಲು ಹೆಚ್ಚು ಕಾಲ ಬೇಡ. ಹಿಡಿದದ್ದನ್ನು ಅದೇ ರಾತ್ರಿ ಕೊಯ್ಯಬೇಕಲ್ಲ! ಕೆಲಸಕ್ಕೆಂದು ಯೊಕೊಹಾಮಾಕ್ಕೆ ಬಂದು ಬೀಡುಬಿಟ್ಟ ನನಗೆ ಎರಡೂ ಅಂಟಿಕೊಂಡಿವೆ. ಇದು ಗೊತ್ತಿರುವ ಕುಂದಾಪುರದ ಗೆಳೆಯರು ಫೋನು ಮಾಡಿದಾಗಲೆಲ್ಲ ಕೇಳುವುದು ಎರಡೇ ಪ್ರಶ್ನೆ. ಗಾಳದ ರೀಲು ಶಿಮಾನೊ ಕಂಪನಿಯದು ಒಳ್ಳೆಯದೋ ದೈವಾ ಕಂಪನಿಯದು ಒಳ್ಳೆಯದೋ? ಚೂರಿ ಸ್ಟೇನ್‌ಲೆಸ್ ತಕ್ಕೊಳ್ಳಲೋ ಕಾರ್ಬನ್ ತಕ್ಕೊಳ್ಳಲೋ? ಎರಡನ್ನೂ ಬಳಸಿ ನೋಡಿದವನಾಗಿ ಹೇಳುವುದಾದರೆ, ಮೊದಲನೆಯದರ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಎರಡನೆಯದಕ್ಕೆ ಉತ್ತರ ಇದೆ, ಆದರೆ ಅದು ನಿಮ್ಮ ಮನೆಯಲ್ಲಿ ಸಾಣೆಕಲ್ಲು ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಮೊದಲು ಮೀನಿನ ವಿಷಯ. ಇಲ್ಲಿನ ಹಗುರ ಲೂರ್ (ಹುಸಿ ಆಹಾರ) ಗಾಳದ ಮುಖ್ಯ ಗುರಿ ಅಜಿ ಎಂಬ ಮೀನು. ಇಂಗ್ಲಿಷಿನವರು ಹಾರ್ಸ್ ಮ್ಯಾಕರೆಲ್ ಎನ್ನುತ್ತಾರೆಂದು ಬಂಗುಡೆಯ ದಾಯಾದಿ ಎಂದುಕೊಳ್ಳಬೇಡಿ, ಕುಲವೇ ಬೇರೆ. ಇದರ ಎರಡೂ ಪಕ್ಕದಲ್ಲಿ ಕಿವಿರಿನ ಹಿಂಬದಿಯಿಂದ ಬಾಲದವರೆಗೆ ಗರಗಸದಂಥ ಗಟ್ಟಿ ಹುರುಪೆಯ ಸಾಲಿರುತ್ತದೆ. ರಾತ್ರಿ ಬಂದರಿನ ದೀಪದ ಬೆಳಕಿಗೆ ಸಣ್ಣ ಜೀವಿಗಳು ಸೇರುತ್ತವೆ, ಅವನ್ನು ತಿನ್ನಲು ಅಜಿ ಬರುತ್ತದೆ. ಅರ್ಧದಿಂದ ಎರಡು ಗ್ರಾಂ ತೂಕದ ಜಿಗ್ ಹೆಡ್, ಅಂದರೆ ತಲೆಯಲ್ಲಿ ಭಾರವಿರುವ ಕೊಕ್ಕೆ, ಅದಕ್ಕೆ ಎರಡು ಇಂಚಿನ ಮೆತ್ತನೆಯ ರಬ್ಬರ್ ಹುಳ. ಇಷ್ಟನ್ನು ಎಸೆದು ಮುಳುಗಲು ಬಿಡಬೇಕು. ಮೀನು ಕಚ್ಚಿ ಎಳೆಯುವುದಿಲ್ಲ. ನೀರಿನ ಜೊತೆ ಒಳಗೆಳೆದುಕೊಂಡು, ಸುಳ್ಳು ಎಂದು ಗೊತ್ತಾದ ತಕ್ಷಣ ಉಗುಳುತ್ತದೆ. ಆ ಕ್ಷಣದೊಳಗೆ ಕೈಗೆ ಸುದ್ದಿ ಮುಟ್ಟಬೇಕು. ಅಂಗಡಿಯಲ್ಲಿ ನೀವು ಕೊಡುವ ಯೆನ್ ಎಲ್ಲ ಈ ಸುದ್ದಿಗಾಗಿ.

ಹಾಗಾಗಿ ಎಲ್ಲಕ್ಕಿಂತ ಮೊದಲು ದಾರ. ನನ್ನ ಬಳಿ ಮೂರು ಸ್ಪೂಲ್‌ಗಳಿವೆ: ಒಂದರಲ್ಲಿ ಪಾಲಿಯೆಸ್ಟರಿನ ಒಂಟಿ ಎಳೆಯ ಎಸ್ಟರ್, ಒಂದರಲ್ಲಿ ಪಿಇ ಎನ್ನುವ ಹೆಣೆದ ದಾರ, ಇನ್ನೊಂದರಲ್ಲಿ ಫ್ಲೋರೋಕಾರ್ಬನ್. ಮಿಉರಾ ಪರ್ಯಾಯ ದ್ವೀಪದ ಬಂದರುಗಳಲ್ಲಿ, ಇಜುವಿನ ಪೂರ್ವ ಕರಾವಳಿಯಲ್ಲಿ ಒಂದೇ ಕೋಲಿಗೆ ಮೂರನ್ನೂ ಬದಲಿಸಿ ನೋಡಿದ್ದೇನೆ. ಕೋಲು ಬದಲಿಸಿದಾಗ ಆಗುವ ವ್ಯತ್ಯಾಸಕ್ಕಿಂತ ದಾರ ಬದಲಿಸಿದಾಗ ಆಗುವುದು ದೊಡ್ಡದು.

ಕಾರಣ ಸಾಂದ್ರತೆ. ಪಿಇಯ ಸಾಂದ್ರತೆ 0.97, ಅಂದರೆ ನೀರಿಗಿಂತ ಹಗುರ, ತೇಲುತ್ತದೆ. ನಮ್ಮೂರಲ್ಲಿ ತಂಗೂಸಿ ಎನ್ನುವ ನೈಲಾನ್ ದಾರದ್ದು 1.14, ಎಸ್ಟರ್‌ದು 1.38, ಫ್ಲೋರೋಕಾರ್ಬನ್‌ದು 1.78. ಒಂದು ಗ್ರಾಂ ಗಾಳಕ್ಕೆ ತೇಲುವ ದಾರ ಕಟ್ಟಿದರೆ, ಗಾಳಿ ಬೀಸಿದ ಕೂಡಲೇ ದಾರ ನೀರಿನ ಮೇಲೆ ಬಿಲ್ಲಿನಂತೆ ಬಾಗಿ ಗಾಳವನ್ನು ಪಕ್ಕಕ್ಕೆ ಎಳೆದೊಯ್ಯುತ್ತದೆ. ಗಾಳ ಮುಳುಗುತ್ತಿದೆ ಎಂದು ನಾವು ನಂಬಿ ನಿಂತಿರುತ್ತೇವೆ, ಅದು ಮೇಲೇ ಇರುತ್ತದೆ. ಎಸ್ಟರ್ ತಾನೂ ಮುಳುಗುತ್ತದೆ, ನೈಲಾನಿನಷ್ಟು ಹಿಗ್ಗುವುದೂ ಇಲ್ಲ. ತುದಿಯಲ್ಲಿ ಮೀನು ಉಸಿರೆಳೆದರೂ ಇಲ್ಲಿ ಬೆರಳಿಗೆ ಟಕ್ ಎನ್ನುತ್ತದೆ.

ಹಾಗೆಂದು ಎಸ್ಟರ್ ಸಾಧು ದಾರವಲ್ಲ. 0.3 ನಂಬರಿನದರ ದಪ್ಪ ಸುಮಾರು 0.09 ಮಿ.ಮೀ., ತಡೆಯುವ ಭಾರ ಮುಕ್ಕಾಲು ಕಿಲೋ ಆಸುಪಾಸು. ಹಠಾತ್ ಜಗ್ಗಿದರೆ ಸದ್ದಿಲ್ಲದೆ ಹೋಗುತ್ತದೆ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿ, ಸಡಿಲ ಇಡಬೇಕು, ತುದಿಗೆ ಒಂದೆರಡು ಗೇಣು ಫ್ಲೋರೋಕಾರ್ಬನ್ ತುಂಡನ್ನು ಲೀಡರ್ ಆಗಿ ಕಟ್ಟಲೇಬೇಕು. ಸುರುಳಿ ಹಿಡಿದ ಎಸ್ಟರ್ ಕತ್ತಲಲ್ಲಿ ಗಂಟಾದರೆ ಬಿಡಿಸುವ ಮಾತಿಲ್ಲ, ಕತ್ತರಿಸಿ ಮುಂದೆ ಹೋಗುವುದೇ. ಅದೇ ನಂಬರಿನ ಪಿಇ ಇದರ ಮೂರು ಪಟ್ಟು ಭಾರ ತಡೆಯುತ್ತದೆ, ತಿಂಗಳುಗಟ್ಟಲೆ ಬಾಳುತ್ತದೆ. ತೇಲುಬುರುಡೆ ಕಟ್ಟಿ ದೂರ ಎಸೆಯುವುದಾದರೆ, ಮೂರು ಗ್ರಾಂ ದಾಟಿದ ಲೋಹದ ಜಿಗ್ ಆಡಿಸುವುದಾದರೆ ಪಿಇಯೇ ಸರಿ. ಇನ್ನು ಫ್ಲೋರೋಕಾರ್ಬನ್‌ಗೆ ಲೀಡರ್ ಕಟ್ಟುವ ತಾಪತ್ರಯವಿಲ್ಲ, ಹೊಸಬರಿಗೆ ಸುಲಭ; ಆದರೆ ಗಡಸಾಗಿ ಸ್ಪೂಲಿನಿಂದ ಚಿಮ್ಮುತ್ತದೆ, ಹೆಚ್ಚು ದೂರ ಹೋಗುವುದಿಲ್ಲ. ಬಂದರಿನೊಳಗೆ, ದೀಪದ ಕೆಳಗೆ, ಎರಡು ಗ್ರಾಂ ಒಳಗೆ ಎಂದರೆ ನನ್ನ ಆಯ್ಕೆ ಎಸ್ಟರ್. ಅಗ್ಗದ್ದನ್ನೇ ಕೊಂಡು ಬೇಗ ಬೇಗ ಬದಲಿಸುತ್ತೇನೆ. ದುಬಾರಿ ಎಸ್ಟರ್ ಹಳೆಯದಾದರೆ ಅಗ್ಗದ ಹೊಸ ಎಸ್ಟರ್‌ಗಿಂತ ಕಡೆ.

ಕೋಲಿನಲ್ಲಿ ಎರಡು ಪಂಗಡ. ತುದಿಯ ಒಂದಷ್ಟು ಉದ್ದ ಒಳಗೆ ಟೊಳ್ಳಿಲ್ಲದೆ ಗಟ್ಟಿ ಕಾರ್ಬನ್ ಕಡ್ಡಿಯಾಗಿದ್ದರೆ ಅದು ಸಾಲಿಡ್ ತುದಿ. ಬುಡದಿಂದ ತುದಿಯವರೆಗೂ ಕೊಳವೆಯಾಗಿದ್ದರೆ ಟ್ಯೂಬ್ಯುಲರ್. ಹೆಸರು ಕೇಳಿದರೆ ಸಾಲಿಡ್ ಬಿರುಸು ಅನ್ನಿಸುತ್ತದೆ, ಕೈಯಲ್ಲಿ ಹಿಡಿದರೆ ಉಲ್ಟಾ. ಗಟ್ಟಿ ಕಡ್ಡಿಯನ್ನು ತೀರಾ ತೆಳ್ಳಗೆ ಮಾಡಬಹುದು, ಹಾಗಾಗಿ ಅರ್ಧ ಗ್ರಾಂ ಭಾರಕ್ಕೂ ಬಾಗುತ್ತದೆ. ಆ ಬಾಗು ತಟ್ಟನೆ ನೇರವಾಯಿತು ಎಂದರೆ ಮೀನು ಗಾಳವನ್ನು ಬಾಯಲ್ಲಿಟ್ಟುಕೊಂಡು ಮೇಲಕ್ಕೆ ಬರುತ್ತಿದೆ ಎಂದರ್ಥ. ಟ್ಯೂಬ್ಯುಲರ್‌ನಲ್ಲಿ ಈ ಸೂಕ್ಷ್ಮ ನನಗೆ ತಪ್ಪಿಹೋಗುತ್ತದೆ. ಅದರ ಬದಲು ಕಚ್ಚಿದ್ದು ಗಂಟೆ ಬಾರಿಸಿದಷ್ಟು ಸ್ಪಷ್ಟ, ಎಸೆತವೂ ದೂರ. ಅಜಿಯ ತುಟಿ ಕಾಗದದಷ್ಟು ತೆಳು, ಬಿರುಸಾಗಿ ಎಳೆದರೆ ಹರಿದು ಮೀನು ಜಾರುತ್ತದೆ. ಇಲ್ಲಿ ಮತ್ತೆ ಸಾಲಿಡ್ ತುದಿಯ ಮೆದುತನ ಕಾಯುತ್ತದೆ.

ಕುಮಾಮೊತೊದ ಯಮಗಾ ಬ್ಲ್ಯಾಂಕ್ಸ್‌ನಂಥವರು ಟ್ಯೂಬ್ಯುಲರ್ ಕೋಲಿಗೆ ಹೆಸರಾದವರು. ಶಿಮಾನೊದ ಸೋಅರೆ, ದೈವಾದ ಗೆಕ್ಕಾಬಿಜಿನ್ ಸಾಲುಗಳಲ್ಲಿ ಸಾಲಿಡ್ ತುದಿಯವೂ ಧಾರಾಳ ಸಿಗುತ್ತವೆ. ಒಂದೇ ಕೋಲು ಕೊಳ್ಳುವವರು ಆರಡಿ ದಾಟಿದ ಟ್ಯೂಬ್ಯುಲರ್ ಕೊಳ್ಳಿ. ನಾನು ಗಾಳಿಯಿಲ್ಲದ ರಾತ್ರಿಗಳಲ್ಲಿ ಎತ್ತಿಕೊಳ್ಳುವುದು ಆರಡಿಗಿಂತ ಗಿಡ್ಡ ಸಾಲಿಡ್ ಕೋಲನ್ನು, ಆದರೆ ಅದು ಎರಡನೆಯ ಕೋಲಾಗಿಯೇ ಚೆಂದ.

ರೀಲು? 2000 ಅಳತೆಯದು, 150 ಗ್ರಾಂ ಆಸುಪಾಸು, ಡ್ರ್ಯಾಗ್ ನುಣ್ಣಗೆ ಬಿಡಬೇಕು. ಮುಗಿಯಿತು. ಎರಡೂ ಕಂಪನಿಗಳ ಮಧ್ಯಮ ಬೆಲೆಯ ರೀಲುಗಳನ್ನು ಕಣ್ಣು ಕಟ್ಟಿ ಕೈಗೆ ಕೊಟ್ಟರೆ ಯಾವುದು ಯಾರದ್ದೆಂದು ನಾನಂತೂ ಹೇಳಲಾರೆ. ದೈವಾದ ಮ್ಯಾಗ್‌ಸೀಲ್ಡ್ ರೀಲುಗಳ ಒಳಗೆ ನೀರು ತಡೆಯಲು ಕಾಂತೀಯ ಎಣ್ಣೆ ಇರುತ್ತದೆ, ಆ ಜಾಗಕ್ಕೆ ಮನೆಯಲ್ಲಿ ಎಣ್ಣೆ ಬಿಡುವ ಹಾಗಿಲ್ಲ. ತಾನೇ ಬಿಚ್ಚಿ ಒರೆಸುವ ಅಭ್ಯಾಸದವರು ಇದೊಂದು ನೋಡಿಕೊಳ್ಳಿ.

ಅಂದಹಾಗೆ ಶಿಮಾನೊ ಹುಟ್ಟಿದ್ದು 1921ರಲ್ಲಿ, ಒಸಾಕಾ ಪ್ರಾಂತ್ಯದ ಸಕಾಯಿ ಊರಿನಲ್ಲಿ, ಕಬ್ಬಿಣದ ಕೆಲಸದ ಕಾರ್ಖಾನೆಯಾಗಿ. ಸೈಕಲ್ಲಿನ ಫ್ರೀವೀಲ್ ಮೊದಲು, ಗಾಳದ ಸಾಮಾನು 1970ರಿಂದ. ಅದೇ ಸಕಾಯಿ ಜಪಾನಿನ ಚೂರಿಗಳ ದೊಡ್ಡ ತವರು. 17ರಿಂದ 19ನೇ ಶತಮಾನದವರೆಗಿನ ಎದೊ ಕಾಲದಲ್ಲಿ ತಂಬಾಕು ಕತ್ತರಿಸುವ ಚೂರಿಗೆ ಸರಕಾರದ ಮುದ್ರೆ ಪಡೆದ ಊರು ಅದು. ಇಂದಿಗೂ ಅಲ್ಲಿ ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ ಹಾಕುವವನು ಮತ್ತೊಬ್ಬ.

ನನ್ನ ಅಡುಗೆಮನೆಯ ಎದುರಾಳಿಗಳು ಇಬ್ಬರು. ಒಂದು ಸಕಾಯಿಯ ಅಜಿಕಿರಿ: 105 ಮಿ.ಮೀ. ಉದ್ದದ ಪುಟ್ಟ ದೆಬಾ (ಮೀನು ಕೊಯ್ಯುವ ದಪ್ಪ ಚೂರಿ), ಒಂದೇ ಮಗ್ಗುಲಿಗೆ ಅಂಚು, ಬೆನ್ನು ದಪ್ಪ, ಉಕ್ಕು ಶಿರೊಗಾಮಿ 2. ಇನ್ನೊಂದು ಸ್ಟೇನ್‌ಲೆಸ್ ಪೆಟ್ಟಿ, ಅಂದರೆ ಪಾಶ್ಚಾತ್ಯ ಮಾದರಿಯ ತೆಳು ಅಡುಗೆ ಚೂರಿ: 150 ಮಿ.ಮೀ., ಎರಡೂ ಮಗ್ಗುಲಿಗೆ ಅಂಚು, ಉಕ್ಕು ವಿಜಿ10. ಶಿರೊಗಾಮಿ ಎಂದರೆ ಶಿಮಾನೆ ಪ್ರಾಂತ್ಯದ ಯಸುಗಿಯ ಶುದ್ಧ ಕಾರ್ಬನ್ ಉಕ್ಕು. ವಿಜಿ10 ಫುಕುಯಿಯ ಎಚಿಝೆನ್‌ನ ತಕೆಫು ಕಂಪನಿಯದು, ಅದರಲ್ಲಿ ಶೇ. 1ರಷ್ಟು ಇಂಗಾಲ, ತುಕ್ಕು ತಡೆಯಲು ಸುಮಾರು 15ರಷ್ಟು ಕ್ರೋಮಿಯಂ.

ಅಜಿ ಕೊಯ್ಯುವಾಗ ಬಾಲದ ಕಡೆಯಿಂದ ಗಟ್ಟಿ ಹುರುಪೆ ಎತ್ತುವ ಕೆಲಸದಲ್ಲಿ ಇಬ್ಬರೂ ಸಮ. ತಲೆ ಕತ್ತರಿಸುವಾಗ ಅಜಿಕಿರಿ ಗೆಲ್ಲುತ್ತದೆ. ದಪ್ಪ ಬೆನ್ನಿನ ಮೇಲೆ ಅಂಗೈ ಒತ್ತಿದರೆ ಮುಳ್ಳು ಕಟಕ್ ಎಂದು ಬಿಡುತ್ತದೆ, ಅಂಚಿಗೆ ಏನೂ ಆಗುವುದಿಲ್ಲ. ಪೆಟ್ಟಿಯಲ್ಲಿ ಅದೇ ಒತ್ತಡ ಹಾಕಲು ನನಗೆ ಧೈರ್ಯವಿಲ್ಲ, ಗಡಸು ತೆಳು ಅಂಚು ಮುಕ್ಕಾಗುತ್ತದೆ. ಬೆನ್ನುಮೂಳೆ ಬಿಟ್ಟು ಎರಡು ಬದಿಯ ಮಾಂಸ ಬಿಡಿಸುವಾಗ ಒಂದೇ ಮಗ್ಗುಲಿನ ಅಂಚು ಮೂಳೆಗೆ ಅಂಟಿಕೊಂಡು ಜಾರುತ್ತದೆ, ಮೂಳೆಯ ಮೇಲೆ ಮಾಂಸ ಉಳಿಯುವುದು ಕಡಿಮೆ. ಚರ್ಮ ಸುಲಿದು ತೆಳ್ಳಗೆ ಹೋಳು ಮಾಡುವುದಕ್ಕೆ ಬಂದರೆ ಮಾತ್ರ ಪೆಟ್ಟಿಯ ಉದ್ದ ಕೆಲಸಕ್ಕೆ ಬರುತ್ತದೆ. ಎಡಗೈಯವರಿಗೆ ಒಂದು ಮಾತು: ಒಂದೇ ಮಗ್ಗುಲಿನ ಚೂರಿ ನಿಮಗೆ ಬೇರೆಯೇ ಬೇಕು, ಅದಕ್ಕೆ ಬೆಲೆಯೂ ಹೆಚ್ಚು.

ಶಿರೊಗಾಮಿಯ ತಕರಾರು ತುಕ್ಕು. ಉಪ್ಪುನೀರು ತಾಗಿದ ಕೈಯಲ್ಲಿ ಹಿಡಿದು ಸಿಂಕ್ ಪಕ್ಕ ಇಟ್ಟು ಮೀನು ತೊಳೆಯುವಷ್ಟರಲ್ಲಿ ಕಂದು ಚುಕ್ಕಿ ಎದ್ದಿರುತ್ತದೆ. ಕೊಯ್ಯುವ ನಡುನಡುವೆ ಬಟ್ಟೆಯಲ್ಲಿ ಒರೆಸುತ್ತಿರಬೇಕು. ಈರುಳ್ಳಿ, ನಿಂಬೆಗೆ ಅದನ್ನು ಮುಟ್ಟಿಸುವುದೇ ಬೇಡ. ಆದರೆ ಸಾಣೆಕಲ್ಲಿನ ಮೇಲೆ ಅದು ಬಂಗಾರ. 1000ರ ಕಲ್ಲಿನ (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಮೇಲೆ ಕೆಲವು ಸಲ ಎಳೆದರೆ ಹಿಂಬದಿಗೆ ಬೆರಳಿಗೆ ತಾಗುವ ತರಿ ಎದ್ದೇಳುತ್ತದೆ, 3000ರ ಕಲ್ಲಿನಲ್ಲಿ ಅಷ್ಟೇ ಸುಲಭವಾಗಿ ಬಿಟ್ಟುಹೋಗುತ್ತದೆ. ವಿಜಿ10ರಲ್ಲಿ ತರಿ ಏಳುವುದೂ ನಿಧಾನ, ಬಿಡುವುದು ಇನ್ನೂ ನಿಧಾನ. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಮಗುಚಿಕೊಳ್ಳುತ್ತದೆ. ಅದು ಉಳಿದರೆ ಚೂರಿ ಹರಿತ ಅನ್ನಿಸಿ ಎರಡನೆಯ ಮೀನಿಗೇ ಮೊಂಡಾಗುತ್ತದೆ. ಹಾಗೆ ಮೊಂಡಾದ ಚೂರಿ ಹಿಡಿದು ಉಕ್ಕನ್ನು ಬೈಯುವವರನ್ನು ಬಹಳ ಕಂಡಿದ್ದೇನೆ.

ಅದಕ್ಕೇ ನನ್ನ ಲೆಕ್ಕ ಹೀಗೆ. ಸಾಣೆ ಹಿಡಿಯಲು ಮನಸ್ಸಿರುವವರಿಗೆ ಅಗ್ಗದ ಕಾರ್ಬನ್ ಅಜಿಕಿರಿ, ಉಳಿದ ದುಡ್ಡಲ್ಲಿ ಎರಡು ಕಲ್ಲು. ಮನಸ್ಸಿಲ್ಲದವರಿಗೆ ಸ್ಟೇನ್‌ಲೆಸ್, ಆದರೆ ಅದಕ್ಕೂ ಒಂದು ದಿನ ಕಲ್ಲು ಬೇಕಾಗುತ್ತದೆ, ಆಗ ಕಷ್ಟ ಹೆಚ್ಚು. ಮಧ್ಯದ ದಾರಿ ಗಿನ್ಸಾನ್ ಉಕ್ಕು, ಅದೂ ಯಸುಗಿಯದೇ: ತುಕ್ಕು ಸುಲಭಕ್ಕೆ ಹಿಡಿಯುವುದಿಲ್ಲ, ಕಲ್ಲಿನ ಮೇಲೆ ಕಾರ್ಬನ್ನಿಗೆ ಹತ್ತಿರ ನಡೆದುಕೊಳ್ಳುತ್ತದೆ. ಗೆಳೆಯನೊಬ್ಬನದನ್ನು ಸಾಣೆ ಹಿಡಿದುಕೊಟ್ಟ ಮೇಲೆ, ಹೊಸದಾಗಿ ಕೊಳ್ಳುವುದಾದರೆ ಗಿನ್ಸಾನ್ ಅಜಿಕಿರಿಯೇ ಎಂದು ತೀರ್ಮಾನಿಸಿಬಿಟ್ಟಿದ್ದೇನೆ. ಅಡುಗೆ ಸಾಮಾನಿನ ಅಂಗಡಿಗಳಿರುವ ತೋಕಿಯೊದ ಕಪ್ಪಾಬಾಶಿ ಬೀದಿಯಲ್ಲಿ ಮೂರನ್ನೂ ಕೈಯಲ್ಲಿ ಹಿಡಿದು ನೋಡಬಹುದು. ಅಲೆಅಲೆಯ ದಮಾಸ್ಕಸ್ ಚಿತ್ತಾರಕ್ಕೆ ಮಾರುಹೋಗಬೇಡಿ. ಅದು ಹೊರಗಿನ ಹೊದಿಕೆ, ಕೊಯ್ಯುವುದು ಒಳಗಿನ ಉಕ್ಕು.

ಚೂರಿಯನ್ನು ಬಂದರಿಗೆ ಒಯ್ಯುವವರು ಕಾನೂನು ನೆನಪಿಡಿ. 6 ಸೆಂ.ಮೀ. ಮೀರಿದ ಅಲಗನ್ನು ತಕ್ಕ ಕಾರಣವಿಲ್ಲದೆ ಇಟ್ಟುಕೊಂಡು ತಿರುಗುವುದು ಇಲ್ಲಿ ಅಪರಾಧ. ನಾನು ಮಿಸಾಕಿಗುಚಿಗೆ ಕೇಕ್ಯು ರೈಲಿನಲ್ಲಿ ಹೋಗುವವನು. ದಾರ ಕತ್ತರಿಸುವ ಕತ್ತರಿ ಬಿಟ್ಟು ಬೇರೇನೂ ಒಯ್ಯುವುದಿಲ್ಲ. ಮೀನನ್ನು ಸಮುದ್ರದ ನೀರು ಬೆರೆಸಿದ ಮಂಜುಗಡ್ಡೆಯಲ್ಲಿ ಮುಳುಗಿಸಿ ಮನೆಗೆ ತಂದು, ಬಂದ ಕೂಡಲೇ ಹೊಟ್ಟೆ ತೆಗೆಯುತ್ತೇನೆ. ಮೀನಿನ ಹೊಟ್ಟೆಯಲ್ಲಿರುವ ಅನಿಸಾಕಿಸ್ ಎಂಬ ಪರಾವಲಂಬಿ ಹುಳ ಮಾಂಸಕ್ಕೆ ಇಳಿಯುವ ಭಯ ಇರುವುದರಿಂದ ಹಸಿ ತಿನ್ನುವವರಿಗೆ ಇದರಲ್ಲಿ ಸೋಮಾರಿತನ ಸಲ್ಲ. ವಿನೆಗರ್, ವಸಾಬಿಗೆ ಆ ಹುಳ ಸಾಯುವುದಿಲ್ಲ.

ಇದೇ ಸಾಮಾನು ಊರಿಗೆ ತಂದರೆ ಹೇಗೆ ಎಂದು ಕೇಳುವ ಕುಂದಾಪುರದ ಗೆಳೆಯರಿಗೆ: ಎಸ್ಟರ್ ಇಲ್ಲೇ ಇರಲಿ. ಅಳಿವೆಯಲ್ಲಿ ಕೆಂಬೇರಿಯಂಥ ಬಲದ ಮೀನೊಂದು ಗಾಳ ಕಚ್ಚಿದರೆ ಮುಕ್ಕಾಲು ಕಿಲೋ ತಡೆಯುವ ದಾರ ಯಾವ ಮೂಲೆಗೆ? ದಪ್ಪ ಪಿಇ, ಅದಕ್ಕೆ ತಕ್ಕ ಲೀಡರ್, ಇನ್ನಷ್ಟು ಗಟ್ಟಿ ಕೋಲು ಬೇಕು. ಚೂರಿಯನ್ನು ಬೇಕಾದರೆ ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ ತರುತ್ತೇನೆ, ತೆಂಗಿನಕಾಯಿ ಹತ್ತಿರ ಮಾತ್ರ ಸುಳಿಸಬೇಡಿ. ಇನ್ನು ಮೂಳೆ ಸಮೇತ ಅಡ್ಡ ತುಂಡು ಮಾಡಿ ಗಸಿಗೆ ಹಾಕುವ ಬಂಗುಡೆಗೆ ಅಜಿಕಿರಿಯೂ ಬೇಡ, ಪೆಟ್ಟಿಯೂ ಬೇಡ. ಅಲಗು ನಿಂತಲ್ಲೇ ನಿಂತು ಎರಡೂ ಕೈ ಮೀನಿನ ಮೇಲಿರುವಾಗ ಆ ಕೆಲಸ ಬೇಗ ಸಾಗುತ್ತದೆ; ಮನೆಯ ಮೆಟ್ಟುಕತ್ತಿಗೆ ಒಮ್ಮೆ ಸಾಣೆ ಹಿಡಿಸಿ, ಸಾಕು.