ಹ್ಯೂಗೋದಲ್ಲಿ ಅಪ್ಪೆಮಿಡಿ: ಕನ್ನಡದಲ್ಲಿ ಪುಟ ಕಟ್ಟುವವರಿಗೆ ಈ ಸಾಧನ ಹೇಗಿದೆ

ಮೊದಲೇ ಹೇಳಿಬಿಡುತ್ತೇನೆ. ಒಂದೇ ಬಗೆಯ ಮಾಹಿತಿ ಇರುವ ಪುಟಗಳು ರಾಶಿ ಇವೆ, ಎಲ್ಲವೂ ಕನ್ನಡದಲ್ಲಿವೆ, ಅವು ವರ್ಷಗಟ್ಟಲೆ ಉಳಿಯಬೇಕು ಅನ್ನುವವರಿಗೆ ವೆಬ್‌ಸೈಟ್ ಕಟ್ಟುವ ಹ್ಯೂಗೋ ತುಂಬಾ ಒಳ್ಳೆಯ ಸಾಧನ. ಮೌಸ್ ಹಿಡಿದು ಅಲ್ಲಿಂದಿಲ್ಲಿಗೆ ಎಳೆದು ಸಂಜೆಯೊಳಗೆ ಸೈಟ್ ಮುಗಿಸಬೇಕು ಅನ್ನುವವರು ಬೇರೆ ಏನಾದರೂ ನೋಡುವುದು ಒಳ್ಳೆಯದು.

ನನ್ನ ಸೈಟಿನ ವಿಷಯ ಅಪ್ಪೆಮಿಡಿ. ಸಾಗರ, ಸಿರಸಿ, ಸಿದ್ದಾಪುರದ ಕಡೆ ಹೊಳೆ ದಂಡೆಯಲ್ಲಿ ಬೆಳೆಯುವ, ಉಪ್ಪಿನಕಾಯಿಗೆಂದೇ ಇರುವ ಮಾವಿನ ಮಿಡಿ. ಇಲ್ಲಿ ಒಂದೊಂದು ಒಳ್ಳೆಯ ಮರಕ್ಕೂ ಒಂದೊಂದು ಹೆಸರು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಮಿಡಿ, ಕರ್ಪೂರದ ವಾಸನೆಯವು, ಹೀಗೆ. ಪ್ರತಿ ತಳಿಗೂ ಒಂದು ಪುಟ ಬೇಕು. ಪ್ರತಿ ಪುಟದಲ್ಲೂ ಅವೇ ವಿವರ ಬೇಕು: ಮಿಡಿ ಉದ್ದವೋ ಉರುಟೋ, ಸೊನೆ ಎಷ್ಟು, ಪರಿಮಳ ಯಾವ ಬಗೆಯದು, ಉಪ್ಪಿನಲ್ಲಿ ಹೇಗೆ ಸುಕ್ಕುತ್ತದೆ, ಉಪ್ಪಿನಕಾಯಿ ಎಷ್ಟು ವರ್ಷ ತಾಳುತ್ತದೆ. ಈ ಕೆಲಸಕ್ಕೆ ಡೇಟಾಬೇಸ್ ಇಟ್ಟುಕೊಂಡು, ಪ್ಲಗಿನ್ ಅಪ್‌ಡೇಟ್ ಮಾಡುತ್ತಾ ಕೂರುವುದು ನನಗೆ ಬೇಡವಾಗಿತ್ತು. ಬರೆದದ್ದು ಸಾದಾ ಪಠ್ಯದ ಫೈಲಾಗಿ ನನ್ನ ಕಂಪ್ಯೂಟರಿನಲ್ಲೇ ಇರಬೇಕಿತ್ತು.

ಹ್ಯೂಗೋವನ್ನು ಸ್ಟೀವ್ ಫ್ರಾನ್ಸಿಯಾ 2013ರಲ್ಲಿ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಶುರು ಮಾಡಿದರು. ದುಡ್ಡು ಕೊಡಬೇಕಿಲ್ಲ, ಮೂಲ ಕೋಡ್ ಎಲ್ಲರಿಗೂ ಮುಕ್ತ. ಇಳಿಸಿಕೊಳ್ಳುವುದು ಒಂದೇ ಒಂದು ಫೈಲ್. ನೀವು ಮಾರ್ಕ್‌ಡೌನ್‌ನಲ್ಲಿ (ಸಾದಾ ಪಠ್ಯಕ್ಕೆ ಸಣ್ಣ ಗುರುತು ಹಾಕಿ ಬರೆಯುವ ರೀತಿ) ಬರೆದು ಕೊಟ್ಟರೆ ಅದು ಬ್ರೌಸರಿಗೆ ಅರ್ಥವಾಗುವ ಎಚ್‌ಟಿಎಂಎಲ್ ಪುಟ ಮಾಡಿ ‘ಪಬ್ಲಿಕ್’ ಅನ್ನುವ ಫೋಲ್ಡರಿಗೆ ಹಾಕುತ್ತದೆ. ವೇಗದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲೂ ಫೈಲ್ ಸೇವ್ ಮಾಡಿದ ಕೂಡಲೇ ಬ್ರೌಸರಿನಲ್ಲಿ ಪುಟ ಬದಲಾಗುತ್ತದೆ.

ನನಗೆ ನಿಜಕ್ಕೂ ಹಿಡಿಸಿದ್ದು ಹೊಸ ಪುಟ ಹುಟ್ಟುವ ರೀತಿ. ‘ಹ್ಯೂಗೋ ನ್ಯೂ ಕಂಟೆಂಟ್’ ಎಂದು ಕೊಟ್ಟು ಮುಂದೆ ಫೈಲಿನ ದಾರಿ ಬರೆದರೆ ಖಾಲಿ ಹಾಳೆ ಬರುವುದಿಲ್ಲ. ‘ಆರ್ಕಿಟೈಪ್’ ಅನ್ನುವ ಅಚ್ಚಿನಿಂದ ತುಂಬಿದ ಪುಟ ಬರುತ್ತದೆ. ಹೆಸರು, ತಾರೀಖು, ‘ಡ್ರಾಫ್ಟ್: ಟ್ರೂ’ (ಇದಿನ್ನೂ ಕರಡು) ಇಷ್ಟು ಅದರಲ್ಲಿ ಮೊದಲೇ ಇರುತ್ತವೆ. ವಿಭಾಗದ ಹೆಸರಿನಲ್ಲೇ ನಿಮ್ಮದೊಂದು ಅಚ್ಚು ಮಾಡಿಟ್ಟರೆ ಆ ವಿಭಾಗದ ಪುಟಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ನನ್ನ ಮಿಡಿ ವಿಭಾಗದ ಅಚ್ಚಿನಲ್ಲಿ ಆಕಾರ, ಸೊನೆ, ಪರಿಮಳ, ಹೊಳೆ, ಬಾಳಿಕೆ ಎಂಬ ಸಾಲುಗಳು ಖಾಲಿ ಬಿಟ್ಟು ನಿಂತಿವೆ. ಯಾರದೋ ಮನೆ ಜಗಲಿಯಲ್ಲಿ ಕೂತು ಮಾತಾಡುವಾಗ ಆ ಖಾಲಿ ಸಾಲುಗಳೇ ಏನು ಕೇಳಬೇಕು ಅಂತ ನೆನಪಿಸುತ್ತವೆ. ‘ಬಾಳಿಕೆ’ ಅನ್ನುವ ಸಾಲು ಕಣ್ಣಿಗೆ ಬಿದ್ದದ್ದಕ್ಕೇ ಎಷ್ಟೋ ಅಜ್ಜಿಯರ ಹತ್ತಿರ ಭರಣಿಯ ಮಾತು ತೆಗೆದಿದ್ದೇನೆ.

ಅಚ್ಚು ಒಂದು ಫೈಲೇ ಆಗಬೇಕೆಂದಿಲ್ಲ, ಇಡೀ ಫೋಲ್ಡರೂ ಆಗಬಹುದು. ಹಾಗೆ ಮಾಡಿದರೆ ಪ್ರತಿ ತಳಿಗೂ ಒಂದು ಫೋಲ್ಡರ್ ಬರುತ್ತದೆ, ಒಳಗೆ ‘ಇಂಡೆಕ್ಸ್’ ಫೈಲ್ ಇರುತ್ತದೆ, ಫೋಟೊಗಳನ್ನೂ ಅಲ್ಲೇ ಹಾಕಬಹುದು. ಹ್ಯೂಗೋದಲ್ಲಿ ಇದನ್ನು ಲೀಫ್ ಬಂಡಲ್ ಅನ್ನುತ್ತಾರೆ. ಪುಟ ಅಳಿಸಿದರೆ ಅದರ ಫೋಟೊಗಳೂ ಜೊತೆಗೇ ಹೋಗುತ್ತವೆ. ಯಾರ ಫೋಟೊ ಎಲ್ಲಿದೆ ಅಂತ ಹುಡುಕುವ ಗೋಳು ಇಲ್ಲ. ಆದರೆ ಒಂದು ವಿಷಯ ಗಮನಿಸಿ. ಅಂಡರ್‌ಸ್ಕೋರ್ ಇಲ್ಲದ ‘ಇಂಡೆಕ್ಸ್’ ಅಂದರೆ ಒಂಟಿ ಪುಟ. ಅಂಡರ್‌ಸ್ಕೋರ್ ಇರುವ ‘ಇಂಡೆಕ್ಸ್’ ಅಂದರೆ ಇಡೀ ವಿಭಾಗದ ಮುಖಪುಟ. ಕಣ್ಣಿಗೆ ಒಂದು ಗೆರೆಯ ವ್ಯತ್ಯಾಸ ಅಷ್ಟೇ. ಒಂಟಿ ಪುಟದ ಫೈಲನ್ನು ವಿಭಾಗದ ಫೋಲ್ಡರಿನಲ್ಲಿ ಇಟ್ಟರೆ ಕೆಳಗಿನ ಪುಟಗಳು ಪಟ್ಟಿಯಿಂದಲೇ ಮಾಯವಾಗುತ್ತವೆ. ಹೊಸಬರಿಗೆ ಹ್ಯೂಗೋದಲ್ಲಿ ತಲೆ ಕೆಡುವ ಜಾಗ ಇದೇ.

ಪುಟದ ತಲೆಯಲ್ಲಿರುವ ಈ ವಿವರಗಳಿಗೆ ಫ್ರಂಟ್ ಮ್ಯಾಟರ್ ಎಂದು ಹೆಸರು. ಟೋಮ್ಲ್, ಯಾಮ್ಲ್, ಜೇಸನ್ ಎಂಬ ಮೂರು ಬರವಣಿಗೆಯ ಕ್ರಮಗಳಲ್ಲಿ ಯಾವುದರಲ್ಲಾದರೂ ಬರೆಯಬಹುದು. ನಾನು ಯಾಮ್ಲ್ ಬಳಸುತ್ತೇನೆ, ಓದಲು ಹಗುರ. ಅದರ ಕಟ್ಟುನಿಟ್ಟು ಗೊತ್ತಿರಬೇಕು. ಶೀರ್ಷಿಕೆಯಲ್ಲಿ ಕೋಲನ್ ಬಂದು, ಪಕ್ಕದಲ್ಲಿ ಖಾಲಿ ಜಾಗ ಇದ್ದರೆ ಇಡೀ ಶೀರ್ಷಿಕೆಗೆ ಉದ್ಧರಣ ಚಿಹ್ನೆ ಹಾಕಬೇಕು. ಸಾಲು ಒಳಕ್ಕೆ ತಳ್ಳಲು ಟ್ಯಾಬ್ ಒತ್ತುವಂತಿಲ್ಲ. ವಿವರಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಟ್ಟು ಅದರ ಮುಂದೆ ತುಂಬುವುದನ್ನು ಮಾತ್ರ ಕನ್ನಡದಲ್ಲಿ ಬರೆಯಿರಿ ಎಂಬುದು ನನ್ನ ಸಲಹೆ. ಪುಟ ಹೇಗೆ ಕಾಣಬೇಕೆಂದು ಹೇಳುವ ಟೆಂಪ್ಲೇಟಿನಲ್ಲಿ ಅವನ್ನು ಕರೆಯುವುದು ಆಗ ಸಲೀಸು.

ಕನ್ನಡಿಗರು ಎಚ್ಚರದಿಂದ ನೋಡಬೇಕಾದ ಜಾಗ ವೆಬ್ ವಿಳಾಸ. ಹ್ಯೂಗೋ ಫೈಲಿನ (ಬಂಡಲ್ ಆದರೆ ಫೋಲ್ಡರಿನ) ಹೆಸರನ್ನೇ ವಿಳಾಸ ಮಾಡುತ್ತದೆ. ಫೈಲಿಗೆ ಕನ್ನಡದ ಹೆಸರಿಟ್ಟರೆ ಬ್ರೌಸರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದಾಗ ನೋಡಿ: ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆ, ಪ್ರತಿ ವಿರಾಮವೂ ಒಂಬತ್ತೊಂಬತ್ತು ಚಿಹ್ನೆಗಳ ಶೇಕಡಾ ಗುರುತಿನ ಸರವಾಗುತ್ತದೆ. ‘ಅಪ್ಪೆಮಿಡಿ’ ಅನ್ನುವುದಕ್ಕೇ 81 ಚಿಹ್ನೆ. ವಾಟ್ಸಾಪಿನಲ್ಲಿ ಕಳಿಸಿದರೆ ಹಿರಿಯರು ಇದೇನೋ ವೈರಸ್ ಅಂತ ಮುಟ್ಟುವುದೇ ಇಲ್ಲ. ಅದಕ್ಕೆ ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಅಥವಾ ‘ಸ್ಲಗ್’ ಎಂಬ ವಿವರದಲ್ಲಿ ವಿಳಾಸ ಬೇರೆ ಕೊಡಿ. ಮುಂದೆ ವಿಳಾಸ ಬದಲಿಸಬೇಕಾದರೆ ‘ಏಲಿಯಾಸಸ್’ ಅಡಿಯಲ್ಲಿ ಹಳೆಯದನ್ನು ಬರೆದಿಡಿ. ಹಳೆ ಕೊಂಡಿ ಒತ್ತಿದವರೂ ಹೊಸ ಪುಟಕ್ಕೇ ಬರುತ್ತಾರೆ.

ಇದರ ಜೊತೆಗೆ, ಇಡೀ ಸೈಟಿನ ಆಯ್ಕೆಗಳಿರುವ ಸಂರಚನೆಯ ಫೈಲಿನಲ್ಲಿ ‘ರಿಮೂವ್ ಪಾತ್ ಆಕ್ಸೆಂಟ್ಸ್’ ಅನ್ನುವ ಒಂದು ಆಯ್ಕೆ ಇದೆ. ಯೂರೋಪಿನ ಭಾಷೆಗಳ ಅಕ್ಷರದ ಮೇಲಿನ ಗುರುತುಗಳನ್ನು ವಿಳಾಸದಿಂದ ತೆಗೆಯಲು ಮಾಡಿದ್ದು. ಅದನ್ನು ಆನ್ ಮಾಡಿದರೆ ಕನ್ನಡದ ಗುಡಿಸು, ಎತ್ವ, ವಿರಾಮಗಳನ್ನೂ ಅದು ಅಂಥ ಗುರುತು ಎಂದೇ ಎಣಿಸುತ್ತದೆ. ವಿಳಾಸದಲ್ಲಿ ‘ಅಪ್ಪೆಮಿಡಿ’ ಹೋಗಿ ‘ಅಪಪಮಡ’ ಉಳಿಯುತ್ತದೆ. ಮೂಲದಲ್ಲಿ ಅದು ಆಫ್ ಇರುತ್ತದೆ. ಹಾಗೇ ಬಿಡಿ.

ತಾರೀಖಿನದು ಇನ್ನೊಂದು ಕಥೆ. ಮುಂದಿನ ತಾರೀಖಿನ ಪುಟವನ್ನು ಹ್ಯೂಗೋ ಪ್ರಕಟಿಸುವುದಿಲ್ಲ. ಇದು ಒಳ್ಳೆಯದೇ. ಆದರೆ ವೇಳೆಯ ಜೊತೆ ಸಮಯ ವಲಯ ಬರೆಯದಿದ್ದರೆ ಅದು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದುಕೊಳ್ಳುತ್ತದೆ. ಬೆಳಗ್ಗೆ 6 ಗಂಟೆ ಎಂದು ಕೈಯಲ್ಲಿ ಬರೆದ ಪುಟ ನಮ್ಮ 11:30ರವರೆಗೆ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಸಂರಚನೆಯಲ್ಲಿ ಸಮಯ ವಲಯ ‘ಏಷ್ಯಾ/ಕೋಲ್ಕತಾ’ ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಭಾಷೆ ಕನ್ನಡ ಎಂದು ಕೊಟ್ಟಿದ್ದರೆ ತಿಂಗಳ ಹೆಸರೂ ತಾನಾಗಿ ಕನ್ನಡದಲ್ಲಿ ಬರುತ್ತದೆ. ಜನವರಿ, ಫೆಬ್ರವರಿ ಅಂತ ಕೂತು ಪಟ್ಟಿ ಬರೆಯಬೇಕಿಲ್ಲ. ನನಗೆ ಇದು ಸಣ್ಣ ಸಂಗತಿ ಅನ್ನಿಸುವುದಿಲ್ಲ. ನಮ್ಮ ಭಾಷೆಗೆ ಇಷ್ಟು ವ್ಯವಸ್ಥೆ ಮೊದಲೇ ಮಾಡಿಟ್ಟಿರುವ ಸಾಧನಗಳು ಎಷ್ಟಿವೆ ಹೇಳಿ?

ಹೊಂದದೇ ಇರುವುದೂ ಇದೆ. ‘ಓದಲು ಇಷ್ಟು ನಿಮಿಷ’ ಅಂತ ಹ್ಯೂಗೋ ಲೆಕ್ಕ ಕೊಡುತ್ತದೆ. ನಿಮಿಷಕ್ಕೆ 213 ಪದ ಎಂಬುದು ಅದರ ಅಳತೆ. ನಮ್ಮಲ್ಲಿ ‘ಉಪ್ಪುನೀರಿನಲ್ಲಿಟ್ಟಿದ್ದರಿಂದ’ ಅನ್ನುವುದು ಒಂದೇ ಪದ ಅಲ್ವಾ? ಹಾಗಾಗಿ ಅದು ಹೇಳುವ ನಿಮಿಷ ಯಾವಾಗಲೂ ಕಡಿಮೆ. ನಾನು ಆ ಸಾಲನ್ನೇ ತೆಗೆದಿದ್ದೇನೆ. ಪಟ್ಟಿಯಲ್ಲಿ ಕಾಣುವ ಸಾರಾಂಶವನ್ನೂ ಅದು 70 ಪದದ ಲೆಕ್ಕದಲ್ಲಿ ತಾನೇ ಕತ್ತರಿಸುತ್ತದೆ. ಕನ್ನಡದಲ್ಲಿ ಅದು ಉದ್ದವಾಯಿತು. ‘ಸಮರಿ’ ವಿವರದಲ್ಲಿ ನಾವೇ ಎರಡು ಸಾಲು ಬರೆದರೆ ಚೆಂದ.

ಇನ್ನು ನಾನು ಹೆಚ್ಚು ತಲೆ ಕೆಡಿಸಿಕೊಂಡ ವಿಷಯ, ಫೋಟೊ. ಒಳ್ಳೆಯ ಅಪ್ಪೆ ಮರ ಎಲ್ಲಿದೆ ಎಂಬುದು ಗುಟ್ಟು. ಗೊತ್ತಾದರೆ ರಾತ್ರಿ ಬಂದು ಕೊಯ್ಯುತ್ತಾರೆ, ಕೊಂಬೆಯನ್ನೇ ಮುರಿದು ಹಾಕುತ್ತಾರೆ, ಮರ ಹಾಳಾಗುತ್ತದೆ. ಲೊಕೇಶನ್ ಆನ್ ಇರುವ ಫೋನಿನಲ್ಲಿ ತೆಗೆದ ಫೋಟೊದ ಒಳಗೆ ಜಾಗದ ಅಕ್ಷಾಂಶ ರೇಖಾಂಶವೂ ಸೇರಿಕೊಂಡಿರುತ್ತದೆ. ಹ್ಯೂಗೋ ಫೋಟೊವನ್ನು ಚಿಕ್ಕದು ಮಾಡುವಾಗ ಆ ಮಾಹಿತಿಯನ್ನು ಹೊಸ ಫೈಲಿಗೆ ಒಯ್ಯುವುದಿಲ್ಲ. ಇಲ್ಲಿಗೇ ನೆಮ್ಮದಿಯಾಗಬೇಡಿ. ಬಂಡಲಿನಲ್ಲಿರುವ ಮೂಲ ಫೋಟೊವೂ ಸದ್ದಿಲ್ಲದೆ ‘ಪಬ್ಲಿಕ್’ ಫೋಲ್ಡರಿಗೆ ಹೋಗುತ್ತದೆ. ಪುಟದಲ್ಲಿ ಕಾಣದಿದ್ದರೂ ಹೆಸರು ಊಹಿಸಿದವರಿಗೆ ಸಿಗುತ್ತದೆ. ಅದನ್ನು ತಡೆಯಲು ಪುಟದ ಫ್ರಂಟ್ ಮ್ಯಾಟರಿನಲ್ಲಿ ‘ಬಿಲ್ಡ್’ ಅಡಿಯಲ್ಲಿ ‘ಪಬ್ಲಿಶ್ ರಿಸೋರ್ಸಸ್: ಫಾಲ್ಸ್’ ಎಂದು ಬರೆಯಬೇಕು. ಟೆಂಪ್ಲೇಟ್ ಕೇಳಿದ ಫೋಟೊ ಮಾತ್ರ ಆಗ ಹೊರಗೆ ಹೋಗುತ್ತದೆ.

ಇದನ್ನು ಪ್ರತಿ ಪುಟದಲ್ಲೂ ಬರೆಯುವುದೆಂದರೆ ಯಾವುದಾದರೂ ಒಂದರಲ್ಲಿ ಬಿಟ್ಟುಹೋಗುವುದು ಖಂಡಿತ. ‘ಕ್ಯಾಸ್ಕೇಡ್’ ಇರುವುದು ಇದಕ್ಕೇ. ವಿಭಾಗದ ಮುಖಪುಟದಲ್ಲಿ ಒಮ್ಮೆ ಬರೆದರೆ ಕೆಳಗಿನ ಅಷ್ಟೂ ಪುಟಗಳಿಗೆ ಅನ್ವಯ. ಮೇಲಿನ ಗದ್ದೆಗೆ ಬಿಟ್ಟ ನೀರು ಕೆಳಗಿನ ಗದ್ದೆಗಳಿಗೆಲ್ಲ ಇಳಿದ ಹಾಗೆ. ಈ ಒಂದು ಸೌಲಭ್ಯಕ್ಕಾಗಿಯೇ ನಾನು ಹ್ಯೂಗೋ ಬಿಟ್ಟು ಹೋಗುವುದಿಲ್ಲ. ಮರದ ಯಜಮಾನರಿಗೆ ‘ಜಾಗ ಹೊರಗೆ ಹೋಗುವುದಿಲ್ಲ’ ಅಂತ ಮಾತು ಕೊಟ್ಟಿದ್ದೇನೆ. ಆದರೂ ಪ್ರಕಟಿಸುವ ಮುಂಚೆ ‘ಪಬ್ಲಿಕ್’ ಫೋಲ್ಡರನ್ನು ಒಮ್ಮೆ ತೆರೆದು ನೋಡುತ್ತೇನೆ. ಹಿಂದಿನ ಸಲ ಕಟ್ಟಿದಾಗಿನ ಫೈಲನ್ನು ಹ್ಯೂಗೋ ತಾನಾಗಿ ಅಳಿಸುವುದಿಲ್ಲ, ಫೋಲ್ಡರನ್ನು ಖಾಲಿ ಮಾಡಿಯೇ ಕಟ್ಟಬೇಕು.

ದೂರು ಇಲ್ಲವೇ? ಇದೆ. ಆವೃತ್ತಿ ಸಂಖ್ಯೆ ಇಷ್ಟು ವರ್ಷವಾದರೂ ಸೊನ್ನೆಯಿಂದಲೇ ಶುರುವಾಗುತ್ತದೆ. ಹಳೆಯ ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಸಂರಚನೆಯ ಫೈಲ್ ಮೊದಲು ‘ಕಾನ್ಫಿಗ್’ ಎಂದಿತ್ತು, 0.110ರಿಂದ ‘ಹ್ಯೂಗೋ’ ಎಂಬ ಹೆಸರು ಬಂತು. 2025ರಲ್ಲಿ 0.146 ಬಂದಾಗ ಟೆಂಪ್ಲೇಟ್ ಇಡುವ ಫೋಲ್ಡರುಗಳ ವ್ಯವಸ್ಥೆಯನ್ನೇ ಬದಲಿಸಿದರು. ಹಳೆಯ ಥೀಮ್ (ಸಿದ್ಧ ವಿನ್ಯಾಸ) ಹಾಕಿಕೊಂಡವರು ಹೊಸ ಆವೃತ್ತಿ ಇಳಿಸಿದರೆ ಎಚ್ಚರಿಕೆಗಳ ಸಾಲೇ ಬರಬಹುದು. ಕೆಲಸ ನಡೆಯುತ್ತಿರುವ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ, ಸುಮ್ನೆ ಅಪ್‌ಡೇಟ್ ಮಾಡಬೇಡಿ. ಅಧಿಕೃತ ಕೈಪಿಡಿಯಲ್ಲಿ ಎಲ್ಲವೂ ಇದೆ, ಆದರೆ ಗೊತ್ತಿದ್ದವರಿಗೆ ನೆನಪಿಸುವ ಹಾಗಿದೆ. ಹೊಸಬರನ್ನು ಕೈಹಿಡಿದು ನಡೆಸುವುದಿಲ್ಲ. ಕನ್ನಡದಲ್ಲಿ ಯಾರಾದರೂ ಸರಿಯಾಗಿ ಬರೆದರೆ ಎಷ್ಟೋ ಶಾಲೆ ಮೇಷ್ಟ್ರುಗಳು, ಊರಿನ ಇತಿಹಾಸ ಕೂಡಿಡುವವರು ಇದನ್ನು ಬಳಸಿಯಾರು.

ಕೊನೆಯದಾಗಿ ನಮ್ಮ ಕಡೆಯವರಿಗೆ ಬೇಕಾಗುವ ಒಂದು ವಿಷಯ. ಇಲ್ಲಿ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ‘ರಿಲೇಟಿವ್ ಯುಆರ್‌ಎಲ್ಸ್’ ಮತ್ತು ‘ಅಗ್ಲಿ ಯುಆರ್‌ಎಲ್ಸ್’ ಎಂಬ ಸಂರಚನೆಯ ಆಯ್ಕೆಗಳೆರಡನ್ನೂ ಆನ್ ಮಾಡಿ ಬೇರೆಯಾಗಿ ಕಟ್ಟಿದರೆ ಇಡೀ ಸೈಟನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಡಬಹುದು. ಇಂಟರ್ನೆಟ್ ಇಲ್ಲದೆಯೂ ಫೈಲ್ ಒತ್ತಿ ಒಂದು ಪುಟದಿಂದ ಇನ್ನೊಂದಕ್ಕೆ ಹೋಗಬಹುದು. ಥೀಮ್ ಹೊರಗಿನಿಂದ ಫಾಂಟ್ ತರಿಸಿಕೊಳ್ಳುತ್ತಿದ್ದರೆ ಅದನ್ನು ಇಳಿಸಿ ‘ಸ್ಟ್ಯಾಟಿಕ್’ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಹುಡುಕುವ ಪೆಟ್ಟಿಗೆ ಮಾತ್ರ ಬಹಳಷ್ಟು ಥೀಮುಗಳಲ್ಲಿ ಹೀಗೆ ತೆರೆದಾಗ ಕೆಲಸ ಮಾಡುವುದಿಲ್ಲ. ಆ ಪ್ರತಿಗೆ ಅಕಾರಾದಿಯಾಗಿ ತಳಿಗಳ ಪಟ್ಟಿಯ ಪುಟ ಒಂದನ್ನು ಬೇರೆ ಮಾಡಿ ಕೊಡಿ.